ಕಲ್ಯಾಣಿಗೆ ಇಳಿಯುವ ಮುಂಚೆ: ಸ್ವಯಂಸೇವಕರ ಗುಂಪನ್ನು ಉಳಿಸಿಕೊಳ್ಳುವುದು ಹೇಗೆ?

ಊರ ಕಲ್ಯಾಣಿಯ ಹೂಳೆತ್ತಲು ಮೊದಲ ಭಾನುವಾರ ನಲವತ್ತು ಜನ ಬಂದಿದ್ದರು. ಎರಡನೇ ಭಾನುವಾರ ಹದಿನೆಂಟು. ನಾಲ್ಕನೆಯದಕ್ಕೆ ಉಳಿದದ್ದು ಐದು ಜನ, ಒಂದು ಹಾರೆ, ಹೂಳು ತುಂಬಿದ ಕಲ್ಯಾಣಿ. ಮುಳಬಾಗಿಲು ಕಡೆಯ ನಮ್ಮೂರಿನ ಕಥೆ ಇದು. ಜನಕ್ಕೆ ಆಸಕ್ತಿಯೇ ಇಲ್ಲ ಎಂದು ಬೈದುಕೊಂಡು ಸುಮ್ಮನಾದೆವು.

ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದಾಗ ಬೇರೆಯದೇ ಹೊರಬಿತ್ತು. ಒಬ್ಬರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇನ್ನೊಬ್ಬರು ಕೊಟ್ಟ ಸಲಿಕೆ ವಾಪಸ್ ಬಂದಿರಲಿಲ್ಲ. ಹೆಂಗಸರಿಗೆ ಹತ್ತಿರದಲ್ಲಿ ಶೌಚಾಲಯ ಇರಲಿಲ್ಲ. ಕೆಲಸಕ್ಕೆ ಹೆದರಿ ಬಿಟ್ಟವರು ಒಬ್ಬರೂ ಇಲ್ಲ!

ನಮ್ಮ ಕಡೆ ಮುಯ್ಯಾಳು ಪದ್ಧತಿ ಇತ್ತಲ್ವಾ? ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಬಂದವರ ಊಟ, ನೀರು ನೋಡಿಕೊಳ್ಳುವುದು ಹೊಲದವರ ಪಾಲು. ಊರ ಕೆಲಸದಲ್ಲಿ ಆ ಹೊಲದವರೇ ಇರುವುದಿಲ್ಲ. ಆ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಬೇಕು.

1. ಮೊದಲು ಮೂರು ಜನ. ಫೋನ್ ಮಾಡಿ ಕರೆಯಲು ಒಬ್ಬರು, ಸಾಮಾನು ನೋಡಿಕೊಳ್ಳಲು ಒಬ್ಬರು, ಲೆಕ್ಕಕ್ಕೆ ಒಬ್ಬರು. ಜಾಸ್ತಿ ಹುಮ್ಮಸ್ಸು ಇರುವವರ ತಲೆಗೇ ಮೂರನ್ನೂ ಕಟ್ಟಬೇಡಿ. ಎಲ್ಲರಿಗಿಂತ ಮೊದಲು ಸುಸ್ತಾಗಿ ಕೂರುವವರು ಅವರೇ.

2. ಒಪ್ಪಿಗೆ ಪತ್ರ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಮುಜರಾಯಿ ದೇವಸ್ಥಾನದ ಕಲ್ಯಾಣಿಯಾದರೆ ತಹಶೀಲ್ದಾರ್ ಕಚೇರಿಯಲ್ಲೂ ಕೇಳಿ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ. ಹೂಳನ್ನು ಎಲ್ಲಿಗೆ ಹಾಕುತ್ತೀರಿ ಅನ್ನುವುದನ್ನೂ ಅದರಲ್ಲೇ ಬರೆದುಬಿಡಿ, ಆಮೇಲೆ ತಕರಾರು ಬರುವುದು ಅಲ್ಲೇ.

3. ದಿನ, ಹೊತ್ತು. ಕೋಲಾರ ಜಿಲ್ಲೆಯಲ್ಲಿ ಬೆಳಗ್ಗೆ ಆರಕ್ಕೆ ಬನ್ನಿ ಅಂದರೆ ಯಾರು ಬರುತ್ತಾರೆ? ಡೇರಿಗೆ ಹಾಲು ಹಾಕುವ ಹೊತ್ತು ಅದು. ರೇಷ್ಮೆ ಸಾಕುವ ಮನೆಯವರ ಕಷ್ಟ ಇನ್ನೂ ಜಾಸ್ತಿ. ಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲೆ ಸುಮಾರು ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ವಾರ ಅವರನ್ನು ಕರೆಯುವುದೂ ತಪ್ಪು, ಬರಲಿಲ್ಲ ಎಂದು ಮುನಿಸಿಕೊಳ್ಳುವುದೂ ತಪ್ಪು. ಟೊಮೆಟೊ ಬಿಡಿಸುವ ದಿನಗಳೂ ಹಾಗೇ. ನಾವೀಗ ಯಾರ ಮನೆಯಲ್ಲಿ ಹುಳು ಯಾವ ಹಂತದಲ್ಲಿದೆ ಎಂದು ಕೇಳಿಕೊಂಡೇ ಪಟ್ಟಿ ಹಾಕುತ್ತೇವೆ. ತಿಂಗಳಿಗೆ ಎರಡೇ ಭಾನುವಾರ, ಎಂಟೂವರೆಯಿಂದ ಹನ್ನೊಂದು. ಹನ್ನೊಂದು ಅಂದರೆ ಹನ್ನೊಂದೇ.

4. ಮೈಮೇಲೆ ನಿಗಾ. ಗ್ಲೌಸು, ಗಂಬೂಟು ಇಲ್ಲದೆ ಯಾರನ್ನೂ ಇಳಿಸಬೇಡಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡಿರಿ ಎಂದು ಕೇಳಿ. ಹತ್ತು ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು. ಕಲ್ಲಿನ ಸಂದಿಯಲ್ಲಿ ಬೆಳೆದ ಅರಳಿ ಗಿಡವನ್ನು ಕತ್ತರಿಸಿ, ಕೀಳಬೇಡಿ. ಬೇರಿನ ಜೊತೆ ಕಲ್ಲೂ ಕಿತ್ತು ಬರುತ್ತದೆ.

ಹಾವಿನ ವಿಷಯಕ್ಕೆ ಬರೋಣ. ಮುಳ್ಳು ಸವರುವ ಮುಂಚೆ ಉದ್ದ ಕೋಲಿನಿಂದ ಬಡಿದು ಸದ್ದು ಮಾಡಿ. ಕಚ್ಚಿದರೆ ಬಟ್ಟೆ ಬಿಗಿಯುವುದು, ಗಾಯ ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕೈಯೋ ಕಾಲೋ ಅಲುಗದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ. ಹಾವಿನ ವಿಷದ ಔಷಧ ಇರುವ ಆಸ್ಪತ್ರೆ ಯಾವುದು ಎಂದು ಮೊದಲೇ ವಿಚಾರಿಸಿ, ಎಲ್ಲರಿಗೂ ಕಾಣುವ ಹಾಗೆ ಬರೆದಿಡಿ. ಇನ್ನು ಪಕ್ಕದಲ್ಲೇ ಆಳದ ಹಾಳು ಬಾವಿ ಇದ್ದು, ಅದನ್ನೂ ಮುಗಿಸಿಬಿಡೋಣ ಎಂದು ಯಾರಾದರೂ ಹೊರಟರೆ ತಡೆಯಿರಿ. ಒಳಗೆ ಉಸಿರುಗಟ್ಟಿಸುವ ಕೆಟ್ಟ ಗಾಳಿ ಇರಬಹುದು.

5. ದುಡ್ಡು. ಗುಂಪು ಒಡೆಯುವುದು ದೊಡ್ಡ ಮೊತ್ತಕ್ಕಲ್ಲ, ಇನ್ನೂರು ರೂಪಾಯಿ ಡೀಸೆಲ್‌ಗೆ. ಬಂದದ್ದು, ಹೋದದ್ದು ಅವತ್ತೇ ಸಂಜೆ ವಾಟ್ಸಾಪ್‌ನಲ್ಲಿ ಹಾಕಿ. ಸಂಘವಾಗಿ ನೋಂದಾಯಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ ಏಳು ಜನ ಬೇಕು. ಆದರೆ ಮೊದಲ ವರ್ಷವೇ ಅದಕ್ಕೆ ಕೈ ಹಾಕಬೇಡಿ ಅಂತ ನನ್ನ ಮಾತು. ಅಧ್ಯಕ್ಷರು ಯಾರು ಅನ್ನುವ ಜಗಳದಲ್ಲಿ ಕಲ್ಯಾಣಿ ಮರೆತೇ ಹೋಗುತ್ತದೆ.

6. ಕಾಲೇಜು ಹುಡುಗರು. ಎನ್‌ಎಸ್‌ಎಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದವರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಏಳು ದಿನದ ಶಿಬಿರವೂ ಇರುತ್ತದೆ. ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಯನ್ನು ಕಂಡು ಮಾತಾಡಿ. ಮಕ್ಕಳು ಬಂದು ಹೋದ ಹೊತ್ತನ್ನು ಬರೆದು ಸಹಿ ಮಾಡಿ ಕೊಡಿ. ಚಿತ್ರಾನ್ನ, ಮಜ್ಜಿಗೆ ಮರೆಯಬೇಡಿ.

7. ಎರಡು ಸಲ ಬರದಿದ್ದವರಿಗೆ ಒಂದು ಫೋನ್. ಯಾಕೆ ಬರಲಿಲ್ಲ ಎಂದಲ್ಲ, ಹೇಗಿದ್ದೀರಿ ಎಂದು ಕೇಳಿ. ನಮ್ಮ ಗುಂಪಿನ ಹಿರಿಯರೊಬ್ಬರು ಹೀಗೇ ನಿಂತುಹೋಗಿದ್ದರು. ಮಂಡಿ ನೋವು, ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ, ಹೇಳಿಕೊಳ್ಳಲು ಸಂಕೋಚ. ಈಗ ಅವರು ಮೇಲೆ ಹೊಂಗೆ ನೆರಳಲ್ಲಿ ಕೂತು ಸಾಮಾನಿನ ಪುಸ್ತಕ ಬರೆಯುತ್ತಾರೆ. ಅಲ್ಲಿಂದೀಚೆಗೆ ಒಂದು ಸಲಿಕೆಯೂ ಕಳೆದಿಲ್ಲ.