ಹಳೇ ಹಾರ್ಡ್ ಡಿಸ್ಕ್‌ನಿಂದ ಅಪ್ಪನ ಲೆಕ್ಕ ತೆಗೆದದ್ದು

ತುಮಕೂರಿನ ನಮ್ಮ ಮನೆಗೆ 1999ರಲ್ಲಿ ಬಂದಿದ್ದು ಅಸೆಂಬಲ್ಡ್ ಕಂಪ್ಯೂಟರ್. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನವು. ಸೆಲೆರಾನ್ ಪ್ರೊಸೆಸರ್, 32 ಎಂಬಿ ರ‍್ಯಾಮ್, 4.3 ಜಿಬಿ ಡಿಸ್ಕ್, ವಿಂಡೋಸ್ 98. ಆನ್ ಮಾಡಿದಾಗ ಬರೀ ಬೀಪ್ ಬೀಪ್ ಅಂದರೆ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತಿತ್ತು. ಈಗಿನ ನನ್ನ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್‌ ಅನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಉಜ್ಜೋಣ ಅಂದ್ರೂ ಕೈಗೆ ಸಿಗಲ್ಲ.

ಆ ಕಂಪ್ಯೂಟರ್ ಗುಜರಿಗೆ ಹೋಯಿತು. ಡಿಸ್ಕ್ ಮಾತ್ರ ಇಟ್ಟುಕೊಂಡಿದ್ದೆ. ಅಪ್ಪನ ತೋಟದ ಲೆಕ್ಕ, ತಿಪಟೂರಿನಲ್ಲಿ ಮಾರಿದ ಕೊಬ್ಬರಿಯ ವಿವರ ಎಲ್ಲಾ ಅದರಲ್ಲೇ ಇತ್ತು. ಮೊನ್ನೆ ಬಿಡುವು ಮಾಡಿಕೊಂಡು ಕೂತೆ. ಅದು ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕ್. ಯುಎಸ್‌ಬಿಗೆ ಜೋಡಿಸಲು ಅಡಾಪ್ಟರ್ ಬೇಕು. ಕೊಳ್ಳುವಾಗ ಜೊತೆಗೆ ಪವರ್ ಸಪ್ಲೈ ಇದೆಯಾ ನೋಡಿ. ಡೆಸ್ಕ್‌ಟಾಪ್‌ನ ಈ ದೊಡ್ಡ ಸೈಜಿನ ಡಿಸ್ಕ್‌ಗೆ 12 ವೋಲ್ಟ್ ಕೂಡ ಬೇಕು, ಮಾಮೂಲಿ ಯುಎಸ್‌ಬಿ ಕೊಡೋದು 5 ಮಾತ್ರ. ಡಿಸ್ಕಿನ ಹಿಂದಿನ ಜಂಪರ್, ಅಂದರೆ ಪಿನ್‌ಗಳ ಮೇಲಿನ ಪುಟ್ಟ ಕ್ಯಾಪ್ ಅನ್ನು, ‘ಮಾಸ್ಟರ್’ ಅನ್ನೋ ಜಾಗದಲ್ಲಿಟ್ಟೆ. ಗರ್ ಅಂತ ತಿರುಗಿತು! ಒಂದನ್ನೂ ತೆರೆಯದೆ ಮೊದಲು ಎಲ್ಲ ಕಾಪಿ ಮಾಡಿಕೊಂಡೆ. ಹಳೇ ಡಿಸ್ಕ್, ಯಾವಾಗ ಕೈ ಕೊಡುತ್ತೋ.

ತಲೆನೋವು ಶುರುವಾಗಿದ್ದು ಆಮೇಲೆ. ಲೆಕ್ಕವೆಲ್ಲ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅನ್ನೋ ಕನ್ನಡ ತಂತ್ರಾಂಶದಲ್ಲಿ, ಅದರದೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದ ಕಡೆ ‘ಕನ್ನಡ’ ಅನ್ನೋ ಪದ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ, ನಡುನಡುವೆ ತಲೆ ಮೇಲೆ ಗೀಟಿರುವ ಎ, ಹೀಗೆ ಕಾಣುತ್ತೆ. ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ತಲೆಕಟ್ಟಿಗೇ ಬೇರೆ ಜಾಗ! ಬೇರೆ ದಾರಿಯೂ ಇರಲಿಲ್ಲ ಬಿಡಿ, ವಿಂಡೋಸ್‌ನಲ್ಲೇ ಯೂನಿಕೋಡ್ ಕನ್ನಡ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗ ಇರುವ ಕ್ರಮ, ಬಂದಿದ್ದು 2001ರ ಎಕ್ಸ್‌ಪಿಯಲ್ಲಿ.

ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ನೋಡಲೇಬೇಕು. ಹಳೇ ಕ್ರಮದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ಆಚೆ ಕೂತಿರುತ್ತೆ, ಯೂನಿಕೋಡ್‌ನಲ್ಲಿ ‘ರ್’ ಮುಂಚೆ ಬರಬೇಕು. ಲೆಕ್ಕದ ಫೈಲ್ ಅಂದ ಮೇಲೆ ‘ಖರ್ಚು’ ಸಾಲುಸಾಲಿಗೂ ಇರುತ್ತಲ್ವಾ, ಒಂದೊಂದಾಗಿ ನೋಡಿದೆ.

ಇನ್ನೊಂದು ಕಾಟ, ನಡುವೆ ಇಂಗ್ಲಿಷಿನಲ್ಲಿದ್ದ ಬ್ಯಾಂಕ್ ಹೆಸರು, ಗೊಬ್ಬರದ ಹೆಸರು. ಅವನ್ನೂ ಕನ್ನಡ ಅಂದುಕೊಂಡು ತಂತ್ರಾಂಶ ಕಲಸುಮೇಲೋಗರ ಮಾಡುತ್ತೆ. ಇದಕ್ಕೆ ವರ್ಡ್‌ನ ಫೈಂಡ್‌ನಲ್ಲಿ ಫಾಂಟ್ ಹೆಸರು ಕೊಟ್ಟು ಹುಡುಕಿ, ನುಡಿ ಫಾಂಟಿನ ಭಾಗವನ್ನಷ್ಟೇ ಆರಿಸಿ ಬದಲಿಸಿದೆ. ನಿಧಾನದ ಕೆಲಸ, ಆದರೆ ಆಮೇಲೆ ತಿದ್ದುತ್ತಾ ಕೂರೋದು ತಪ್ಪಿತು.