ಒಂದು ಎಕ್ಸ್‌ಕವೇಟರ್‌ಗೆ ಎಷ್ಟು ಟಿಪ್ಪರ್ ಬೇಕು?

ಎಕ್ಸ್‌ಕವೇಟರ್ ಬಕೆಟ್ ತುಂಬಿಕೊಂಡು, ತೋಳೆತ್ತಿ, ಟಿಪ್ಪರ್‌ಗಾಗಿ ಕಾಯುತ್ತ ನಿಂತಿದ್ದರೆ ನನಗೆ ಸಂಕಟವಾಗುತ್ತದೆ. ಕಾಗದದ ಮೇಲೆ ಅರ್ಧ ಗಂಟೆ ಲೆಕ್ಕ ಹಾಕಿದ್ದರೆ ಆ ಕಾಯುವಿಕೆ ತಪ್ಪುತ್ತಿತ್ತು. ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಕೈಹಚ್ಚಬೇಕಾದ ಲೆಕ್ಕವಿದು.

ಶುರು ಮಣ್ಣಿನಿಂದ. ನಕ್ಷೆಯ ಪ್ರಕಾರ ಅಡಿಪಾಯದ ಗುಂಡಿ 3,000 ಘನ ಮೀಟರ್ ಎಂದುಕೊಳ್ಳಿ. ಸಾಗಿಸಬೇಕಾದದ್ದು ಅಷ್ಟೇ ಅಲ್ಲ. ನೆಲದಲ್ಲಿ ಬಿಗಿದುಕೊಂಡಿದ್ದ ಮಣ್ಣು ಅಗೆದೊಡನೆ ಸಡಿಲಗೊಂಡು ಉಬ್ಬುತ್ತದೆ. ಶೇ 25ರಷ್ಟು ಉಬ್ಬು ಹಿಡಿದರೆ 3,750 ಘನ ಮೀಟರ್. ಒಡೆದ ಬಂಡೆಗೆ ಇನ್ನೂ ಹೆಚ್ಚು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಇನ್ನು ಯಂತ್ರದ ಬಳಿಗೆ ಹೋಗಿ. ಅಗೆಯುವುದು, ತಿರುಗುವುದು, ಸುರಿಯುವುದು, ಮರಳುವುದು: ಇದು ಒಂದು ಸುತ್ತು. ಬಕೆಟ್ಟಿನ ಹಲ್ಲು ಮಣ್ಣಿಗೆ ತಾಗಿದ ಕ್ಷಣದಿಂದ ಮತ್ತೆ ತಾಗುವವರೆಗೆ ವಾಚ್ ಹಿಡಿದು ಅಳೆಯಿರಿ. ಇಪ್ಪತ್ತು ಸುತ್ತುಗಳ ಸರಾಸರಿ ತೆಗೆಯಿರಿ. ಟಿಪ್ಪರ್ ಬೆನ್ನ ಹಿಂದೆ ನಿಂತು ಯಂತ್ರ ಅರ್ಧ ಸುತ್ತು ತಿರುಗಬೇಕಾದರೆ ಪ್ರತಿ ಸಲವೂ ಸೆಕೆಂಡುಗಳು ಸೋರುತ್ತವೆ. ಪಕ್ಕಕ್ಕೆ ನಿಲ್ಲಿಸಿದರೆ ಉಳಿಯುತ್ತವೆ. ಸರಾಸರಿ 24 ಸೆಕೆಂಡ್ ಬಂದಿತೆನ್ನಿ. 1 ಘನ ಮೀಟರ್ ಬಕೆಟ್ ಪೂರ್ತಿ ತುಂಬುವುದಿಲ್ಲವಾದ್ದರಿಂದ 0.9 ಹಿಡಿಯಿರಿ. ಗಂಟೆಯಲ್ಲಿ ನಿಜವಾದ ಕೆಲಸ 50 ನಿಮಿಷ ಎಂದಿಟ್ಟುಕೊಂಡರೆ 125 ಸುತ್ತು, ಅಂದರೆ 112.5 ಘನ ಮೀಟರ್. ಇಡೀ ಗುಂಡಿಗೆ ಸುಮಾರು 33 ಗಂಟೆ. ದಿನಕ್ಕೆ 8 ಗಂಟೆಯಂತೆ ಐದನೇ ದಿನಕ್ಕೆ ಕಾಲಿಡುತ್ತದೆ.

ಈಗ ಟಿಪ್ಪರ್. 9 ಘನ ಮೀಟರ್ ಹಿಡಿಯುವ ಟಿಪ್ಪರ್‌ಗೆ 10 ಬಕೆಟ್, ಅಂದರೆ 4 ನಿಮಿಷ. ತುಂಬಿಕೊಂಡು ಹೋಗಲು 9, ಸುರಿಯಲು 2, ಖಾಲಿ ಮರಳಲು 7, ಹಿಂದಕ್ಕೆ ಬಂದು ನಿಲ್ಲಲು 2. ಒಟ್ಟು 24 ನಿಮಿಷ. 24ನ್ನು 4ರಿಂದ ಭಾಗಿಸಿ: 6 ಟಿಪ್ಪರ್. ಐದೇ ಇದ್ದರೆ ಯಂತ್ರ ಕಾಯುತ್ತದೆ, ಏಳಾದರೆ ಟಿಪ್ಪರ್‌ಗಳು ಸಾಲುಗಟ್ಟುತ್ತವೆ.

ತೂಕವನ್ನು ಮರೆಯಬೇಡಿ. ಒದ್ದೆ ಮಣ್ಣಿನಲ್ಲಿ ಡಬ್ಬ ತುಂಬುವ ಮೊದಲೇ ಅನುಮತಿಸಿದ ಭಾರ ಮುಟ್ಟಬಹುದು. ಆಗ 8 ಬಕೆಟ್‌ಗೇ ನಿಲ್ಲಿಸಬೇಕಾದರೆ ತುಂಬಲು 3.2 ನಿಮಿಷ, ಸುತ್ತು 23.2 ನಿಮಿಷ. ಭಾಗಿಸಿದರೆ 7.25. ಏಳು ಟಿಪ್ಪರ್‌ಗಳೊಂದಿಗೆ ಯಂತ್ರ ಸ್ವಲ್ಪ ಕಾಯುವುದು ಅಗ್ಗವೋ, ಎಂಟನೆಯದನ್ನು ತರಿಸುವುದು ಅಗ್ಗವೋ, ಎರಡೂ ಬಾಡಿಗೆ ಹಾಕಿ ನೋಡಿ. ಮಳೆಯ ಮರುದಿನ ದಾರಿಯೂ ಕೆಸರಾಗಿರುತ್ತದೆ. ಆ ಬೆಳಿಗ್ಗೆ ವಾಚ್ ಹಿಡಿದು ಹೊಸದಾಗಿ ಅಳೆಯಿರಿ.