ಸಿಂಹರಾಜದ ದಾಯಾದಿಗಳು

"ಭೀಮರಾಜ!" ಅಂತ ನಾನು ಬೆರಳು ಮಾಡಿ ತೋರಿಸಿದೆ. ಕಪ್ಪು ಮೈ, ತಲೆಯ ಮೇಲೆ ಜುಟ್ಟು, ಅದೇ ಲೋಹದ ತಟ್ಟೆ ಬಡಿದಂಥ ದನಿ. ಶ್ರೀಲಂಕಾದ ಸಿಂಹರಾಜ ಮಳೆಕಾಡಿಗೆ ಕಾಲಿಟ್ಟು ಹತ್ತು ನಿಮಿಷ ಆಗಿರಲಿಲ್ಲ. ಗೈಡ್ ನಕ್ಕರು. "ಬಾಲ ನೋಡಿ" ಅಂದರು. ಬೈನಾಕ್ಯುಲರ್ ಏರಿಸಿ ನೋಡಿದೆ. ಬಾಲ ಉದ್ದವಾಗಿ ಕವಲೊಡೆದಿತ್ತು. ಆದರೆ ನಮ್ಮ ಭೀಮರಾಜನ ಬಾಲದ ತುದಿಯಲ್ಲಿ ತೂಗಾಡುವ ಆ ಎರಡು ಗರಿ ಇಲ್ಲವೇ ಇಲ್ಲ. ಇದು ಶ್ರೀಲಂಕಾದ ಕಾಜಾಣ, ಬೇರೆ ಎಲ್ಲೂ ಸಿಗದ್ದು. ಮೊದಲ ಹಕ್ಕಿಗೇ ಮೊದಲ ತಪ್ಪು.

ಜೊತೆಗಿದ್ದ ಭಾವ ಮಾತ್ರ ಬೇರೆಯೇ ಹೇಳಿದರು. "ದನಿಯಲ್ಲೇ ಏನೋ ಒಂಚೂರು ಹೆಚ್ಚುಕಮ್ಮಿ ಇತ್ತು ಮಾರಾಯ." ಭಾವ ಶಿರಸಿ ಕಡೆಯ ಅಡಿಕೆ ಬೆಳೆಗಾರರು. ಬೈನಾಕ್ಯುಲರ್ ಮುಟ್ಟಿದವರಲ್ಲ, ಹಕ್ಕಿಗಳ ಇಂಗ್ಲಿಷ್ ಹೆಸರು ಒಂದೂ ಗೊತ್ತಿಲ್ಲ. ಆದರೆ ತೋಟದಲ್ಲಿ ಕೂಗುವ ಪ್ರತಿ ಹಕ್ಕಿಯ ದನಿ ಗೊತ್ತು. ಅವರನ್ನು ಕರೆದುಕೊಂಡು ಹೋಗಿದ್ದೇ ಈ ಪ್ರವಾಸದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ.

ಹೊರಟಿದ್ದು ಫೆಬ್ರವರಿಯಲ್ಲಿ. ಸಿಂಹರಾಜದಲ್ಲಿ ಮಳೆ ಬಾರದ ತಿಂಗಳು ಅಂತ ಯಾವುದೂ ಇಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಸ್ವಲ್ಪ ಕಡಿಮೆ, ಅಷ್ಟೇ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಶಿರಸಿಯಿಂದ ಬೆಂಗಳೂರಿಗೆ ಬರಲು ಭಾವನಿಗೆ ಇಡೀ ರಾತ್ರಿ ಬಸ್ಸು ಬೇಕಾಯಿತು, ಅದು ಬೇರೆ ಮಾತು. ನಮಗೆ ಇದ್ದದ್ದು ನಾಲ್ಕು ದಿನ. ಮೊದಲು ಮಾತಾಡಿಸಿದ ಒಬ್ಬ ಏಜೆಂಟರು ಐದು ದಿನಕ್ಕೆ ಸಿಂಹರಾಜ, ನುವರ ಎಲಿಯ, ಯಾಲ, ಬುಂದಲ ಎಲ್ಲ ಸೇರಿಸಿ ಪಟ್ಟಿ ಕಳಿಸಿದ್ದರು. ಆ ಲೆಕ್ಕದಲ್ಲಿ ಕಾಡಿಗಿಂತ ವ್ಯಾನಿನಲ್ಲೇ ಜಾಸ್ತಿ ಹೊತ್ತು ಕೂರಬೇಕು. ಎಲ್ಲ ಹೊಡೆದುಹಾಕಿ ಒಂದೇ ಕಾಡು ಉಳಿಸಿಕೊಂಡೆ. ಮೂರು ರಾತ್ರಿ ಕುಡಾವದಲ್ಲಿ, ಅಂದರೆ ಸಿಂಹರಾಜದ ಉತ್ತರದ ಬಾಗಿಲಲ್ಲಿ. ಉಳಿದ ದುಡ್ಡನ್ನು ಒಳ್ಳೆ ಗೈಡ್‌ಗೆ ಹಾಕಿದೆ. ರೂಮಿಗಿಂತ ಅವರಿಗೇ ಜಾಸ್ತಿ ಆಯಿತು. ಬೇಜಾರಿಲ್ಲ.

ಗೈಡ್ ನಮಗಿಂತ ದೊಡ್ಡವರು, ಐವತ್ತು ದಾಟಿದವರು. ಎಲ್ಲರೂ ಅವರನ್ನು "ಅಯ್ಯ" ಅಂತ ಕರೆಯುತ್ತಿದ್ದರು. ಸಿಂಹಳದಲ್ಲಿ ಅಯ್ಯ ಅಂದರೆ ಅಣ್ಣ. ಭಾವನಿಗೆ ಇದು ಬಹಳ ಹಿಡಿಸಿತು. ಮರುದಿನದಿಂದ ಅವರೂ ಬಾಯ್ತುಂಬ "ಅಯ್ಯಾ" ಅನ್ನತೊಡಗಿದರು. ಇಬ್ಬರಿಗೂ ಸೇರಿ ಬರುತ್ತಿದ್ದ ಇಂಗ್ಲಿಷ್ ನೂರು ಶಬ್ದ. ದನಿ ಅನುಕರಣೆ ಮಾಡಿ ಮಾತಾಡಿಕೊಳ್ಳುತ್ತಿದ್ದರು.

ಹೋಗುವ ಮೊದಲು ನಾನು ಒಂದು ತಯಾರಿ ಮಾಡಿಕೊಂಡಿದ್ದೆ. ಪಶ್ಚಿಮ ಘಟ್ಟದವರು ಅಲ್ಲಿಗೆ ಹೋಗುವುದಾದರೆ ಇದನ್ನು ಮಾಡಿಕೊಳ್ಳಿ. ಒಂದು ಪುಟ್ಟ ನೋಟ್‌ಬುಕ್, ಮೂರು ಸಾಲು. ಎಡಕ್ಕೆ ನಮ್ಮೂರ ಹಕ್ಕಿ, ಬಲಕ್ಕೆ ಅಲ್ಲಿಯ ದಾಯಾದಿ. ನಮ್ಮ ಬೂದು ಕಾಡುಕೋಳಿಗೆ ಅಲ್ಲಿಯ ಕೆಂಪು ಕಾಡುಕೋಳಿ, ಕೆಂಪು ಜುಟ್ಟಿನ ನಡುವೆ ಹಳದಿ. ಅದು ಆ ದೇಶದ ರಾಷ್ಟ್ರಪಕ್ಷಿ ಕೂಡ. ನಮ್ಮ ಕುಟ್ರು ಹಕ್ಕಿಗೆ ಅಲ್ಲಿಯ ಹಳದಿ ಹಣೆಯ, ನೀಲಿ ಕೆನ್ನೆಯ ಕುಟ್ರು. ನಮ್ಮ ಮಂಗಟ್ಟೆಗೆ ಅಲ್ಲಿಯ ಮಂಗಟ್ಟೆ, ಎರಡೂ ಬೂದು. ಕೆಂಬೂತಕ್ಕೆ ಹಸಿರು ಕೊಕ್ಕಿನ ಕೆಂಬೂತ. ಹೀಗೆ ಇಪ್ಪತ್ತು ಜೋಡಿ. ಮೂರನೇ ಸಾಲಿನಲ್ಲಿ ಏನು ವ್ಯತ್ಯಾಸ ಅಂತ ಒಂದೇ ಶಬ್ದ. ಕಾಜಾಣದ ಮುಂದೆ "ಬಾಲ" ಅಂತ ನಾನೇ ಬರೆದಿದ್ದೆ! ಆದರೂ ತಪ್ಪಿದೆ.

ಇಷ್ಟು ಹತ್ತಿರದ ಹಕ್ಕಿಗಳು ಬೇರೆ ಬೇರೆ ಯಾಕಾದವು? ಪಾಕ್ ಜಲಸಂಧಿ ಆಳವಿಲ್ಲದ ಸಮುದ್ರ. ಹಿಮಯುಗದಲ್ಲಿ ನೀರು ತಗ್ಗಿದಾಗೆಲ್ಲ ಎರಡೂ ಕಡೆಯ ನೆಲ ಕೂಡಿಕೊಂಡಿತ್ತು. ಆದರೆ ಕೂಡಿದ್ದು ಒಣ ಬಯಲು. ಮಳೆಕಾಡಿನ ನೆರಳಲ್ಲೇ ಬದುಕುವ ಹಕ್ಕಿಗೆ ಆ ಬಯಲು ಸಮುದ್ರದಷ್ಟೇ ಅಗಲ. ಹಾಗಾಗಿ ಅಲ್ಲಿಯವು ಅಲ್ಲೇ, ಇಲ್ಲಿಯವು ಇಲ್ಲೇ ಉಳಿದವು. ಕೆಲವು ಮಾತ್ರ ಎರಡೂ ಕಡೆ ಒಂದೇ. ಕಾಕರಣೆ ಹಕ್ಕಿ ಹಾಗೆ, ಕಪ್ಪೆಬಾಯಿ ಹಕ್ಕಿಯೂ ಹಾಗೆ. ಹೆಸರಿನಲ್ಲಿ ಶ್ರೀಲಂಕಾ ಇದ್ದರೂ ಕಪ್ಪೆಬಾಯಿ ನಮ್ಮ ದಾಂಡೇಲಿ ಕಡೆಯೂ ಇದೆ. ಅಲ್ಲಿ ಒಂದು ಜೋಡಿಯನ್ನು ಒಣಗಿದ ಎಲೆಗಳ ನಡುವೆ ಅಯ್ಯ ತೋರಿಸಿದಾಗ ಭಾವ, "ಇದನ್ನ ನೋಡಲಿಕ್ಕೆ ಪಾಸ್‌ಪೋರ್ಟ್ ಮಾಡಿಸಿದೆನಾ?" ಅಂದರು.

ಕುಡಾವದಲ್ಲಿ ನಾವು ನಡೆದ ದಾರಿ ಬಹಳ ಅಗಲ. ಮಳೆಕಾಡಿನಲ್ಲಿ ಇಷ್ಟು ಅಗಲ ದಾರಿ ಎಲ್ಲಿಂದ ಬಂತು ಅಂತ ಕೇಳಿದೆ. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಇಲ್ಲಿ ಮರ ಕಡಿಯುತ್ತಿದ್ದರು. ಜನರ ವಿರೋಧದಿಂದ ಅದು ನಿಂತಿತು. 1988ರಲ್ಲಿ ಇದು ವಿಶ್ವ ಪರಂಪರೆಯ ತಾಣವಾಯಿತು. ಮರ ಸಾಗಿಸಿದ ದಾರಿ ಉಳಿದಿದೆ. ಎರಡೂ ಬದಿಯಲ್ಲಿ ಬೆಳಕು ಬೀಳುವುದರಿಂದ ಹಕ್ಕಿ ನೋಡುವವರಿಗೆ ಈಗ ಅದೇ ಅನುಕೂಲ. ಅಯ್ಯ ಇದನ್ನು ಹೇಳುವಾಗ ನಗಲಿಲ್ಲ.

ಮೊದಲ ಬೆಳಗು ಆ ಕಾಜಾಣ ಹೋದ ಮೇಲೆ ಎರಡು ಗಂಟೆ ಏನೂ ಇಲ್ಲ. ಬರೀ ಜೀರುಂಡೆ, ತೊಟ್ಟಿಕ್ಕುವ ನೀರು. ನನಗೆ ಚಡಪಡಿಕೆ. ಮುಂದೆ ಹೋಗೋಣವಾ ಅಂತ ಎರಡು ಸಲ ಕೇಳಿದೆ. ಅಯ್ಯ ಒಂದು ತಿರುವಿನಲ್ಲಿ ನಿಂತೇ ಇದ್ದರು. ಇದ್ದಕ್ಕಿದ್ದಂತೆ ಭಾವ ತಲೆ ಎತ್ತಿದರು. "ಹರಟೆಮಲ್ಲ!" ನನಗಿನ್ನೂ ಏನೂ ಕೇಳಿಸಿರಲಿಲ್ಲ. ಅಯ್ಯ ಭಾವನ ಕಡೆ ತಿರುಗಿ ಹೆಬ್ಬೆರಳು ಎತ್ತಿದರು.

ಅದು ಬೆರಕೆ ಹಿಂಡು, ಅಂದರೆ ಬೇರೆ ಬೇರೆ ಜಾತಿಯ ಹಕ್ಕಿಗಳು ಕೂಡಿ ಓಡಾಡುವ ಗುಂಪು. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಗಲಾಟೆ ಮಾಡುತ್ತ ಮುಂದೆ. ಅವುಗಳ ಜೊತೆ ಕಾಜಾಣ ಕಾವಲು. ಆಮೇಲೆ ಒಂದೊಂದಾಗಿ ಉಳಿದವು: ಬೂದು ತಲೆಯ ಹರಟೆಮಲ್ಲ ನೆಲದ ಹತ್ತಿರ, ಹಳದಿ ಹುಬ್ಬಿನ ಪಿಕಳಾರ ನಡು ಎತ್ತರದಲ್ಲಿ, ಕಾಕರಣೆ ಪಕ್ಕದ ಕೊಂಬೆಯಲ್ಲಿ, ಕೆಂಪು ಮುಖದ ಮಲ್ಕೋಹ ಎಲ್ಲಕ್ಕಿಂತ ಮೇಲೆ. ಹರಟೆಮಲ್ಲ ಎಬ್ಬಿಸಿದ ಹುಳುವನ್ನು ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ. ಗಿಡುಗ ಬಂದರೆ ಮೊದಲು ಕೂಗುವುದೂ ಅದೇ. ಕೊಲಂಬೊ ವಿಶ್ವವಿದ್ಯಾಲಯದ ಸರತ್ ಕೊಟಗಮ ಮತ್ತು ಅವರ ಜೊತೆಯವರು ಈ ಹಿಂಡುಗಳನ್ನು 1981ರಿಂದ ಲೆಕ್ಕ ಇಟ್ಟಿದ್ದಾರೆ. ಒಂದು ಹಿಂಡಿನಲ್ಲಿ ಸರಾಸರಿ ನಲವತ್ತು ಹಕ್ಕಿ, ಹತ್ತು ಹನ್ನೊಂದು ಜಾತಿ. ನಮಗೆ ಸಿಕ್ಕಿದ್ದರಲ್ಲಿ ನಾನು ಒಂಬತ್ತು ಜಾತಿ ಎಣಿಸಿದೆ. ಹದಿನೈದು ನಿಮಿಷದಲ್ಲಿ ದಾರಿ ದಾಟಿ ಹೋಯಿತು. ಮತ್ತೆ ಬರೀ ಜೀರುಂಡೆ.

ಆ ಹದಿನೈದು ನಿಮಿಷದಲ್ಲಿ ಐದು ನಿಮಿಷ ನಾನು ಹಾಳು ಮಾಡಿದೆ. ಮಲ್ಕೋಹದ ಫೋಟೋ ತೆಗೆಯಲು ಹೋಗಿ ಕ್ಯಾಮೆರಾ ಏರಿಸಿದರೆ ಲೆನ್ಸ್ ತುಂಬ ಮಂಜು. ರಾತ್ರಿ ಎಸಿ ರೂಮಿನಲ್ಲಿ ಇಟ್ಟಿದ್ದೆ, ಬೆಳಗ್ಗೆಯಿಂದ ಬ್ಯಾಗಿನಿಂದ ಹೊರಗೇ ತೆಗೆದಿರಲಿಲ್ಲ. ಹೊರಗಿನ ತೇವದ ಗಾಳಿ ತಾಗಿದ್ದೇ ಬೆವೆತುಬಿಟ್ಟಿತು. ಅದು ತಣ್ಣಗಿದ್ದಷ್ಟು ಹೊತ್ತು ಒರೆಸಿದರೂ ಹೋಗುವುದಿಲ್ಲ. ಎಸಿ ಹಾಕಲೇಬೇಡಿ. ಹಾಕಿದರೆ ಕ್ಯಾಮೆರಾ, ಬೈನಾಕ್ಯುಲರ್ ಎರಡನ್ನೂ ಬ್ಯಾಗಿನಲ್ಲಿ ಮುಚ್ಚಿ, ಬಾತ್‌ರೂಮಿನಲ್ಲೋ ಹೊರಗಿನ ಜಗಲಿಯಲ್ಲೋ ಇಡಿ. ಮಲ್ಕೋಹ ಅಂದರೆ ಸಿಂಹಳದಲ್ಲಿ ಹೂ ಕೋಗಿಲೆ. ಮಲ್ ಹೂವು, ಕೋಹ ಕೋಗಿಲೆ. ಇಂಗ್ಲಿಷಿನವರೂ ಅದೇ ಹೆಸರು ಇಟ್ಟುಕೊಂಡಿದ್ದಾರೆ. ನನ್ನ ಹತ್ತಿರ ಅದರ ಒಂದು ಮಸುಕು ಕೆಂಪು ಚುಕ್ಕೆಯ ಫೋಟೋ ಇದೆ.

ಇಂಬಳದ ಬಗ್ಗೆ ಎಲ್ಲರೂ ಕೇಳುತ್ತಾರೆ. ಇವೆ, ಜಾಸ್ತಿಯೇ ಇವೆ. ಮೊಣಕಾಲವರೆಗೆ ಬರುವ, ಒತ್ತಾದ ಬಟ್ಟೆಯ ಲೀಚ್ ಸಾಕ್ಸ್ ಹಾಕಿಕೊಂಡು ಪ್ಯಾಂಟನ್ನು ಒಳಗೆ ಸಿಕ್ಕಿಸಿದರೆ ಮುಗಿಯಿತು. ಮಾಮೂಲಿ ಕಾಲುಚೀಲದ ಹೆಣಿಗೆಯೊಳಗೆ ಅವು ನುಸುಳುತ್ತವೆ. ಭಾವ ಊರಿನಿಂದ ಹೊಗೆಸೊಪ್ಪು ತಂದು ನೀರಲ್ಲಿ ನೆನೆಸಿ ಸವರಿಕೊಂಡಿದ್ದರು. ಅವರಿಗೆ ಒಂದೂ ಹತ್ತಲಿಲ್ಲ. ನನಗೆ ಕುತ್ತಿಗೆಗೆ ಒಂದು ಹತ್ತಿತು. ರೈನ್‌ಕೋಟ್ ಒಯ್ಯಬೇಡಿ, ಅದು ಸರಬರ ಸದ್ದು ಮಾಡುತ್ತದೆ, ಒಳಗೆ ಬೆವರು. ಕೊಡೆ ಸಾಕು. ಮಧ್ಯಾಹ್ನದ ಮಳೆಯಲ್ಲಿ ಕೊಡೆ ಹಿಡಿದೇ ಬೈನಾಕ್ಯುಲರ್ ನೋಡಬಹುದು. ನನ್ನ ಬೈನಾಕ್ಯುಲರ್ ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಹತ್ತು ಪಟ್ಟಿನದು ಆ ಕತ್ತಲಲ್ಲಿ ಕೈ ನಡುಕವನ್ನೂ ದೊಡ್ಡದು ಮಾಡುತ್ತದೆ.

ನೀಲಿ ಮ್ಯಾಗ್‌ಪೈ ಹುಡುಕಲೇ ಬೇಕಾಗಲಿಲ್ಲ. ಎರಡನೇ ಬೆಳಗ್ಗೆ ಲಾಡ್ಜಿನ ದೀಪದ ಕೆಳಗೆ ಬಿದ್ದಿದ್ದ ಪತಂಗ ತಿನ್ನಲು ತಾನೇ ಬಂತು. ಕೆಂಪು ಕೊಕ್ಕು, ಕೆಂಪು ಕಾಲು, ತಲೆ, ರೆಕ್ಕೆ ಇಟ್ಟಿಗೆ ಬಣ್ಣ, ಮೈ ನೀಲಿ. ನಾವು ಚಹಾ ಕುಡಿಯುತ್ತಿದ್ದೆವು. ನಮ್ಮೂರಲ್ಲಿ ಇದಕ್ಕೆ ದಾಯಾದಿ ಅಂದರೆ ಮಟಪಕ್ಷಿ, ಆದರೆ ಬಹಳ ದೂರದ್ದು. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಖಾಲಿ ಬಿಟ್ಟಿದ್ದೆ.

ಸೆರೆಂಡಿಬ್ ಗೂಬೆಯದ್ದು ಬೇರೆ ಕಥೆ. ಈ ಸಣ್ಣ ಕಂದು ಗೂಬೆ ಇದೆ ಅಂತ ಯಾರಿಗೂ ಗೊತ್ತೇ ಇರಲಿಲ್ಲ. 1995ರಲ್ಲಿ ಶ್ರೀಲಂಕಾದ ಪಕ್ಷಿತಜ್ಞ ದೀಪಾಲ್ ವರಕಾಗೊಡ ಅವರು ಕಿತುಲ್‌ಗಲದ ಕಾಡಿನಲ್ಲಿ ಗುರುತು ಸಿಗದ ಒಂದು ಕೂಗು ಕೇಳಿದರು. ಹಕ್ಕಿ ಕಣ್ಣಿಗೆ ಬಿದ್ದದ್ದು 2001ರ ಜನವರಿಯಲ್ಲಿ, ಇದೇ ಸಿಂಹರಾಜದಲ್ಲಿ. 2004ರಲ್ಲಿ ಹೊಸ ಜಾತಿ ಅಂತ ಪ್ರಕಟವಾಯಿತು. 1868ರ ನಂತರ ಆ ದೇಶದಲ್ಲಿ ಸಿಕ್ಕ ಮೊದಲ ಹೊಸ ಹಕ್ಕಿ. ಅಂದರೆ ಆರು ವರ್ಷ ಬರೀ ಕಿವಿಯಲ್ಲೇ ಇತ್ತು. ನಾನು ಇದನ್ನು ಭಾವನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮ ತೋಟದ ಹಿಂದೆ ಕೂಗೋದು ಎಷ್ಟು ಹಕ್ಕಿ ನಾನೂ ನೋಡಿಲ್ಲ" ಅಂದರು.

ಎರಡು ಸಂಜೆ ಅದರ ಕೂಗು ಕೇಳಿದೆವು. ಮೆಲ್ಲಗೆ ಒಂದು ಊದು, ಅರ್ಧ ನಿಮಿಷ ಸುಮ್ಮನೆ, ಮತ್ತೆ ಒಂದು ಊದು. ಕೂಗಿನ ರೆಕಾರ್ಡಿಂಗ್ ನನ್ನ ಫೋನಿನಲ್ಲಿತ್ತು. ಹಾಕಲಾ ಅಂತ ಕೇಳಿದೆ. ಅಯ್ಯ ಫೋನನ್ನು ತೆಗೆದುಕೊಂಡು ನನ್ನ ಜೇಬಿಗೇ ಹಾಕಿದರು. ದಿನಕ್ಕೆ ಹತ್ತು ಗುಂಪು ಬಂದು ಹತ್ತು ಸಲ ಹಾಕಿದರೆ, ತನ್ನ ಜಾಗಕ್ಕೆ ಯಾರೋ ನುಗ್ಗಿದ್ದಾರೆ ಅಂದುಕೊಂಡು ಅದು ಬೇಟೆ ಬಿಟ್ಟು ಹುಡುಕುತ್ತ ಕೂರುತ್ತದೆ. ಮೂರನೇ ದಿನ ಬೆಳಗ್ಗೆ ಅವರು ನಮ್ಮನ್ನು ದಾರಿಯಲ್ಲೇ ನಿಲ್ಲಿಸಿ ಒಬ್ಬರೇ ಪೊದೆಯೊಳಗೆ ಹೋದರು. ಮುಕ್ಕಾಲು ಗಂಟೆ ಪತ್ತೆಯಿಲ್ಲ. ಆಮೇಲೆ ಬಂದು ಒಬ್ಬೊಬ್ಬರನ್ನಾಗಿ ಕರೆದೊಯ್ದರು. ನನ್ನ ಎದೆಯ ಎತ್ತರದಲ್ಲಿ, ಬೆತ್ತದ ಬಳ್ಳಿಗಳ ನಡುವೆ ಒಂದು ಕಂದು ಮುದ್ದೆ. ಕಣ್ಣು ಅರ್ಧ ತೆರೆದಿತ್ತು. ಎರಡು ನಿಮಿಷ. ಫ್ಲಾಶ್ ಇಲ್ಲ, ಮಾತಿಲ್ಲ, ವಾಪಸ್.

ಮೂರು ದಿನಕ್ಕೆ 58 ಜಾತಿ ಆಯಿತು, ಅದರಲ್ಲಿ 18 ಅಲ್ಲಿ ಮಾತ್ರ ಸಿಗುವಂಥವು. ಹಸಿರು ಕೊಕ್ಕಿನ ಕೆಂಬೂತ ಮೂರು ಬೆಳಗ್ಗೆಯೂ ಜವುಗು ಪೊದೆಯೊಳಗಿಂದ ಕೂಗಿತು, ಒಮ್ಮೆಯೂ ಹೊರಗೆ ಬರಲಿಲ್ಲ. ಕೊನೆಯ ದಿನ ಜೀಪು ಹತ್ತುವಾಗ ಎಲೆಯ ಸಂದಿಯಲ್ಲಿ ಒಂದು ಕಂದು ರೆಕ್ಕೆ ಕಂಡಂತಾಯಿತು. ನೋಡಿದ್ದು ಅಂತ ಬರೆದುಕೊಳ್ಳಲಾ ಅಂತ ಅಯ್ಯನ ಮುಖ ನೋಡಿದೆ. ಕೊಕ್ಕು ನೋಡಿದಿರಾ ಅಂತ ಕೇಳಿದರು. ಇಲ್ಲ. ನಮ್ಮ ಮಾಮೂಲಿ ಕೆಂಬೂತವೂ ಆ ಕಾಡಿನಲ್ಲಿದೆ. ಭಾವನೂ ತಲೆ ಅಲ್ಲಾಡಿಸಿದರು. ನೋಟ್‌ಬುಕ್ಕಿನಲ್ಲಿ ಅದರ ಮುಂದೆ "ಕೇಳಿದ್ದು" ಅಂತ ಮಾತ್ರ ಇದೆ.